ಹರಾಜಿನ ಪಟ್ಟಿಯಲ್ಲಿದ್ದ ಖೋಲಿ

ಮೊನ್ನೆ ಮಗಳ ಜನನ ದಾಖಲೆಯಲ್ಲಿ ಹೆಸರು ಸರಿಪಡಿಸಲು ಪಾಲಿಕೆಯ ಆ ಆಫೀಸಿಗೆ ಮತ್ತೆ ಹೋಗಬೇಕಾಯಿತು. ಯಾವ ಊರಿನ ಯಾವ ವಾರ್ಡು ಅಂತ ನಾನು ಬರೆಯುವುದಿಲ್ಲ. ಅಲ್ಲಿ ನನಗೆ ಇನ್ನೂ ಕೆಲಸ ಬೀಳುತ್ತದೆ, ಬರೆದರೆ ಅನುಭವಿಸುವವಳು ನಾನು. ಠಾಣೆಯಿಂದ ಕಲ್ಯಾಣದ ಆಚೆವರೆಗಿನ ಯಾವುದೋ ಒಂದು ಸ್ಟೇಷನ್ನಿನಲ್ಲಿ ಇಳಿದು ಶೇರ್ ಆಟೋ ಹಿಡಿದರೆ ಸಿಗುತ್ತದೆ ಅಂದುಕೊಳ್ಳಿ. ಮೆಟ್ಟಿಲು ಹತ್ತುತ್ತಿದ್ದ ಹಾಗೆ ಮೈದಾ ಗೋಂದಿನ ಹುಳಿ ವಾಸನೆ ಬಂತು. ವರಾಂಡದ ಮೂಲೆಯಲ್ಲಿ ಒಬ್ಬ ಜವಾನ ಡಬ್ಬದಲ್ಲಿ ಗೋಂದು ಕಲಸುತ್ತಿದ್ದ. ಪಕ್ಕದಲ್ಲಿ ನೋಟೀಸುಗಳ ಕಟ್ಟು, ಮನೆ ತೆರಿಗೆ ಬಾಕಿ ಇಟ್ಟವರ ಬಾಗಿಲಿಗೆ ಅಂಟಿಸುವುದಕ್ಕೆ. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಮೂರು ವರ್ಷದ ಹಿಂದೆ ಒಂದಿಡೀ ಫೆಬ್ರವರಿ, ಒಂದಿಡೀ ಮಾರ್ಚ್ ನಾನು ಈ ವಾಸನೆಯಲ್ಲೇ ಕಳೆದಿದ್ದೆ.

ಆಗ ನಾವು ಡೊಂಬಿವಲಿಯಲ್ಲಿ ಬಾಡಿಗೆಗಿದ್ದೆವು. ಈ ಕಡೆ ಬಾಡಿಗೆ ಅಂದರೆ ಹನ್ನೊಂದು ತಿಂಗಳ ಎಗ್ರಿಮೆಂಟು. ಮಾಲಕನಿಗೆ ಮನಸ್ಸಿದ್ದರೆ ಇನ್ನೊಂದು ಹನ್ನೊಂದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅದು ನಮ್ಮ ಒಂಬತ್ತನೇ ಮನೆ. ದೇವರ ಫೋಟೋಕ್ಕೆ ಒಂದು ಮೊಳೆ ಹೊಡೆಯಲಿಕ್ಕೂ ಇನ್ನೊಬ್ಬರ ಅಪ್ಪಣೆ ಕೇಳಬೇಕಾದ ಬಾಳು ಸಾಕೋ ಸಾಕಾಗಿತ್ತು. ಇವರು, ಅಂದರೆ ನನ್ನ ಗಂಡ ರಘುರಾಮ, ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ವೇಟರುಗಳ ಮೇಲಿನ ಕ್ಯಾಪ್ಟನ್. ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಫೆಬ್ರವರಿಯ ಮೊದಲ ವಾರ ಮಾಲಕ ಬಂದು, ಮಗನ ಮದುವೆ, ಮಾರ್ಚ್ ಮುಗಿಯುವುದರೊಳಗೆ ಖಾಲಿ ಮಾಡಿ ಅಂದ. ಮಗಳು ಶ್ರೇಯಾಗೆ ಹನ್ನೆರಡನೇ ಕ್ಲಾಸಿನ ಪರೀಕ್ಷೆ ತಲೆ ಮೇಲೆ ಕೂತಿತ್ತು.

"ಮಮ್ಮಿ, ಫಿರ್ ಸೇ ಪ್ಯಾಕಿಂಗ್? ಪೇಪರ್ ಖತಮ್ ಹೋನೆ ತಕ್ ಮುಝೆ ಕುಛ್ ಮತ್ ಬೋಲೋ," ಅಂದಳು ಪುಸ್ತಕದಿಂದ ತಲೆ ಎತ್ತದೆ. ನಾನು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಹಿಂದಿಯಲ್ಲೇ. ಮತ್ತೆ ಗಂಟು ಕಟ್ಟುವುದಾ, ಪರೀಕ್ಷೆ ಮುಗಿಯುವ ತನಕ ನನಗೇನೂ ಹೇಳಬೇಡ ಅಂತ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಅದೇ ವಾರ ಮರಾಠಿ ಪೇಪರಿನಲ್ಲಿ ಪುಟ ತುಂಬ ಒಂದು ಪ್ರಕಟಣೆ ಬಂತು. ವರ್ಷಗಟ್ಟಲೆ ತೆರಿಗೆ ಕಟ್ಟದ ಆಸ್ತಿಗಳನ್ನು ಪಾಲಿಕೆಯವರು ಜಪ್ತಿ ಮಾಡಿದ್ದಾರೆ, ಮಾರ್ಚಿನ ಕೊನೆಯ ಸೋಮವಾರ ಹರಾಜು. ಅಂಗಡಿ, ಗೋದಾಮು, ದೊಡ್ಡ ದೊಡ್ಡ ಫ್ಲ್ಯಾಟುಗಳ ಕೆಳಗೆ ಒಂದು ಬಡಪಾಯಿ ಸಾಲು: ಒಂದು ಚಾಳಿನ ಮೊದಲ ಮಹಡಿಯ ಖೋಲಿ, ಅಂದರೆ ಸಾಲುಮನೆಯ ಒಂದೇ ಕೋಣೆ, ಮಾಲಕರ ಹೆಸರು ಭೋಯಿರ್. ಆರಂಭದ ಬೆಲೆ ನೋಡಿ ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ನನ್ನ ಬಳೆ, ಇವರ ಪಿಎಫ್, ಊರಿನ ಸೊಸೈಟಿಯಲ್ಲಿ ಇಟ್ಟದ್ದು ಎಲ್ಲ ಒಟ್ಟು ಮಾಡಿದರೆ ಕೈಗೆಟಕುವಂಥದ್ದು. ಆ ಬೆಲೆಗೆ ಕಲ್ಯಾಣದಿಂದಲೂ ಆಚೆಯ ಟಿಟ್ವಾಳಾದಲ್ಲೂ ಈಗ ಏನೂ ಸಿಗುವುದಿಲ್ಲ. ಸಿಕ್ಕಿದರೂ ಅಲ್ಲಿಂದ ನೌಪಾಡಾಕ್ಕೆ ದಿನಾ ನಿಂತುಕೊಂಡು ಹೋಗಿ ಬಂದರೆ ಇವರ ಸೊಂಟ ಉಳಿಯುವುದಿಲ್ಲ.

"ಹರಾಜಿನ ಮನೆಯಾ? ಬೇಡ ಮಾರಾಯ್ತಿ, ಅದರ ಒಳಗೆ ಎಂತ ಉಂಟೋ ಏನೋ," ಅಂದರು ಇವರು.

"ಎಂತ ಉಂಟು ಅಂತ ನೋಡ್ಲಿಕ್ಕೇ ನಾನು ಆಫೀಸಿಗೆ ಹೋಗುದು," ಅಂದೆ.

ಹೋಗುವುದು ಅಂದರೆ ಏನು ಸುಲಭವಾ? ಮೊದಲ ದಿನ ಹನ್ನೊಂದು ಗಂಟೆಗೆ ಹೋಗಿ, ಹರಾಜಿನ ಆಸ್ತಿಯ ಬಗ್ಗೆ ಕೇಳಬೇಕಿತ್ತು ಅಂದೆ. ತೆರಿಗೆ ವಿಭಾಗದ ಕ್ಲಾರ್ಕು ಸಾವಂತ್ ಮೇಡಂ ತಲೆ ಎತ್ತದೆ "ಮಾರ್ಚ್ ಎಂಡ್ ಆಹೇ, ತಾಈ" ಅಂದರು. ಮಾರ್ಚ್ ಕೊನೆ ಅಕ್ಕಾ, ಪುರುಸೊತ್ತಿಲ್ಲ ಅಂತ. ಆಗಿನ್ನೂ ಫೆಬ್ರವರಿ! ಎರಡನೇ ದಿನ ಸಾಹೇಬರು ಮೀಟಿಂಗಿನಲ್ಲಿ. ಮೂರನೇ ದಿನ ನನ್ನ ಅರ್ಜಿಯ ಮೇಲೆ ಠಸ್ಸೆ ಇಲ್ಲ, ಠಸ್ಸೆ ಹಾಕುವವನು ರಜೆ. ನಾಲ್ಕನೇ ದಿನ ಊಟದ ಹೊತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಸಿಟ್ಟಿನಲ್ಲಿ ಕತ್ತರಿ ಹಿಡಿದರೆ ಗಿರಾಕಿಯ ಬಟ್ಟೆ ಹಾಳಾಗುತ್ತದೆ ಅನ್ನುವಷ್ಟು ಬುದ್ಧಿ ಹೊಲಿಗೆ ಕಲಿಸಿತ್ತು. ಐದನೇ ದಿನದಿಂದ ಒಂಬತ್ತೂ ಮುಕ್ಕಾಲಿಗೇ ಹೋಗಿ ಕೂರತೊಡಗಿದೆ. ಆ ಹೊತ್ತಿಗೆ ಸಾವಂತ್ ಮೇಡಂ ಕಂಪ್ಯೂಟರಿಗೆ ಊದಿನಕಡ್ಡಿ ತೋರಿಸಿ, ಡಬ್ಬಿಯಿಂದ ಎರಡು ತುಂಡು ಬಿಸ್ಕತ್ತು ತಿನ್ನುತ್ತಾರೆ. ಆ ಹತ್ತು ನಿಮಿಷ ಅವರು ಯಾರ ಜೊತೆಗೂ ಜಗಳವಾಡುವುದಿಲ್ಲ.

ನಿಧಾನಕ್ಕೆ ರೀತಿನೀತಿ ಗೊತ್ತಾಯಿತು. ಹರಾಜು ಅನ್ನುವ ಮಾತನ್ನೇ ಎತ್ತಬಾರದು, "ಸ್ವಲ್ಪ ಚೌಕಶಿ ಇತ್ತು" ಅನ್ನಬೇಕು, ಏನೋ ವಿಚಾರಿಸಲಿಕ್ಕಿದೆ ಅಂತ. ಸ್ವಂತ ಪೆನ್ನು ಇರಬೇಕು. ಫ್ಯಾನಿಗೆ ಅಡ್ಡ ನಿಲ್ಲಬಾರದು. ಒಂದು ದಿನಕ್ಕೆ ಒಂದೇ ಪ್ರಶ್ನೆ. ಎರಡನೆಯದು ಕೇಳಿದಿರೋ, ಮೊದಲನೆಯದರ ಉತ್ತರಕ್ಕೂ ನಾಳೆ ಬನ್ನಿ. ಹೀಗೆ ದಿನಕ್ಕೊಂದರ ಹಾಗೆ ಕೇಳಿಕೊಂಡೆ. ಖೋಲಿಯ ಮೇಲೆ ಬ್ಯಾಂಕಿನ ಸಾಲ ಇದೆಯಾ? ಇಲ್ಲ. ಕೋರ್ಟು ಕೇಸು? ಇಲ್ಲ. ಒಳಗೆ ಯಾರಾದರೂ ಇದ್ದಾರಾ? ಮೇಡಂ ಫೈಲನ್ನು ನನ್ನ ಕಡೆ ತಿರುಗಿಸಿದರು. ಮೂರು ಸಲ ಕಳಿಸಿದ ನೋಟೀಸು, ಈ ಹೆಸರಿನವರು ಇಲ್ಲಿಲ್ಲ ಅಂತ ವಾಪಸು ಬಂದಿತ್ತು. ಮೂರು ಸಲ ನೋಡಲು ಹೋದ ಇನ್‌ಸ್ಪೆಕ್ಟರು "ಬಂದ್, ರಿಕಾಮಿ" ಅಂತ ಬರೆದಿದ್ದರು. ಬೀಗ ಹಾಕಿದೆ, ಖಾಲಿ. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ವರಾಂಡಕ್ಕೆ ಬಂದಾಗ ಜವಾನ ಗಾಯಕವಾಡ ಮಾಮಾ ಎದುರಾದರು. ರಿಟೈರ್ ಆಗಲು ಎರಡು ತಿಂಗಳು ಬಾಕಿ ಇದ್ದ ಮನುಷ್ಯ, ಯಾರ ಹೆದರಿಕೆಯೂ ಇರಲಿಲ್ಲ. "ತಾಈ, ದುಡ್ಡು ತುಂಬುವ ಮೊದಲು ಒಂದು ಸಲ ನೀವೇ ಹೋಗಿ ನೋಡಿ ಬನ್ನಿ," ಅಂದರು ಮರಾಠಿಯಲ್ಲಿ. "ನಮ್ಮವರು ಹೋಗುವುದು ಮಧ್ಯಾಹ್ನ. ಮಧ್ಯಾಹ್ನ ಈ ಊರಿನಲ್ಲಿ ಯಾರ ಬಾಗಿಲು ತೆರೆದಿರುತ್ತದೆ ಹೇಳಿ?"

ಕೇಳಬೇಕಿತ್ತು. ಕೇಳಲಿಲ್ಲ. ಅನಾಮತ್ತು, ಅಂದರೆ ಹರಾಜಿನ ಮುಂಗಡ ಠೇವಣಿ, ತುಂಬಲು ಎರಡೇ ದಿನ ಉಳಿದಿತ್ತು. ಅಮ್ಮ ಹಾಕಿದ ಬಳೆ ಮಾರಿ ಬಂದು, ಬರಿಗೈಯಲ್ಲಿ ಅರ್ಜಿಗೆ ಸಹಿ ಮಾಡಿದೆ. ಸಾವಂತ್ ಮೇಡಂ ಠಸ್ಸೆ ಒತ್ತುತ್ತಾ ಸಣ್ಣ ಸ್ವರದಲ್ಲಿ, "ಈ ಖೋಲಿಗೆ ನೀವೊಬ್ಬರೇ. ನಿಮ್ಮದೇ ಅಂದುಕೊಳ್ಳಿ," ಅಂದರು. ಶೇರ್ ಆಟೋದಲ್ಲಿ ನನಗೆ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ಏನಾಯಿತು ಅಂತ ಕೇಳಿದಳು. ಏನಿಲ್ಲ, ಮನೆ ಆಯಿತು ಅಂದೆ.

ಮುಂದಿನ ಆದಿತ್ಯವಾರ ಬೆಳಿಗ್ಗೆ, ಹೊರಗಿನಿಂದಾದರೂ ಕಣ್ಣು ತುಂಬ ನೋಡಿಕೊಂಡು ಬರೋಣ ಅಂತ ಹೋದೆ. ಚಾಳಿನ ಹಿಂಬದಿಯ ಕಬ್ಬಿಣದ ಮೆಟ್ಟಿಲು ಹತ್ತಿ ಮೂರನೇ ಬಾಗಿಲು. ಬಾಗಿಲು ತೆರೆದಿತ್ತು. ಹೊಸ್ತಿಲಿಗೆ ರಂಗೋಲಿ ಎಳೆದಿತ್ತು. ಒಳಗಿನಿಂದ ಒಂದು ಹೆಂಗಸಿನ ಸ್ವರ ಕೇಳಿತು: "ಅಯ್ಯೋ, ಹಾಲ್ ಉಕ್ತ್ ಕಾಣಿ!"

"ಒಲೆ ಸಣ್ಣ ಮಾಡಿ!" ಅಂದೆ ನಾನು. ಕನ್ನಡದಲ್ಲೇ ಬಾಯಿಗೆ ಬಂತು.

ಐವತ್ತೈದರ ಒಬ್ಬ ಗಟ್ಟಿ ಹೆಂಗಸು ಮಸಿಬಟ್ಟೆ ಹಿಡಿದುಕೊಂಡು ಹೊರಗೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಖವೆಲ್ಲ ನಗೆಯಾದಳು. "ನಮ್ ಬದಿಯವ್ರಾ? ಬನ್ನಿ ಬನ್ನಿ, ಒಳಗ್ ಬಂದ್ ಕೂಕಣಿ." ಹೆಸರು ಗಿರಿಜಾ, ಕುಂದಾಪುರದ ಕಡೆಯವಳು. ಗಂಡ ಹೋಟೆಲಿನಲ್ಲಿ ದೋಸೆ ಭಟ್ಟಿಯ ಮುಂದೆ ನಿಂತೇ ಆಯುಷ್ಯ ಕಳೆದು, ಆರು ವರ್ಷದ ಹಿಂದೆ ತೀರಿಕೊಂಡಿದ್ದ. ಇವಳು ಒಂದು ಹಾಸ್ಟೆಲಿನಲ್ಲಿ ಚಪಾತಿ ಮಾಡುವವಳು. ಬೆಳಗಿನ ಐದೂವರೆಗೆ ಬೀಗ ಹಾಕಿ ಹೊರಟರೆ ಬರುವುದು ಸಂಜೆ. ಆದಿತ್ಯವಾರ ಮಾತ್ರ ಮನೆಯಲ್ಲಿ. ಒಬ್ಬಳೇ ಮಗಳು, ಮದುವೆಯಾಗಿ ಟಿಟ್ವಾಳಾದಲ್ಲಿ.

ಬಾಡಿಗೆಗೆ ಖೋಲಿ ಹುಡುಕುತ್ತಿದ್ದೇನೆ ಅಂತ ಸುಳ್ಳು ಹೇಳಿದೆ. ಅವಳು ಚಾ ಕೊಟ್ಟಳು, ಉದ್ದಿನ ದೋಸೆ ಹಾಕಿ ಕೊಟ್ಟಳು. ನಾನು ಒಂದೊಂದೇ ತುಂಡು ಮುರಿದು ತಿಂದೆ. ಇದು ನಿಮ್ಮ ಸ್ವಂತದ್ದಾ ಅಂತ ಕೇಳಿದೆ.

"ಸ್ವಂತದ್ದೇ. ಭೋಯಿರ್ ಅಂತ ಒಬ್ರಿದ್ರ್, ಅವ್ರ ಕೈಯಿಂದ ನಮ್ಮನೆಯವ್ರ್ ತಕಂಡದ್ದ್. ಇಪ್ಪತ್ತ್ ವರ್ಷ ಆಯ್ತ್. ಒಂದ್ ವರ್ಷನೂ ಟ್ಯಾಕ್ಸ್ ತಪ್ಸ್ಲಿಲ್ಲ ಕಾಣಿ," ಅಂದು ಕಪಾಟಿನ ಕೆಳಗಿನಿಂದ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಇಪ್ಪತ್ತು ರಸೀದಿಗಳು, ಒಂದರ ಮೇಲೊಂದು, ಇಸ್ತ್ರಿ ಮಾಡಿದ ಹಾಗೆ. "ನಂಗ್ ಮರಾಠಿ ಓದುಕ್ ಬತ್ತಿಲ್ಲೆ. ಹಳೆ ರಸೀದಿ ತೋರ್ಸಿದ್ರೆ ಹೊಸತ್ ಕೊಡ್ತ್ರ್, ಅಷ್ಟೇ."

ನನಗೆ ಮಗಳ ಪಾಠಪುಸ್ತಕದಿಂದ ಮರಾಠಿ ಓದಲು ಬರುತ್ತಿತ್ತು. ಮೊದಲ ರಸೀದಿಯಲ್ಲೇ ಇತ್ತು: ರಸ್ತೆ ಬದಿಯ ಸಾಲು, ನೆಲಮಹಡಿಯ ಖೋಲಿ. ನಾವು ಕೂತದ್ದು ಹಿಂಬದಿಯಲ್ಲಿ, ಮೊದಲ ಮಹಡಿಯಲ್ಲಿ. ರಸ್ತೆ ಬದಿಯ ಸಾಲು ಯಾವುದು ಅಂತ ಕೇಳಿದೆ. ಕಿಟಕಿಯಿಂದ ಕೈ ತೋರಿಸಿ, ಅಲ್ಲೂ ಭೋಯಿರನ ಒಂದು ಖೋಲಿ ಇತ್ತು, ನಾವು ಬಂದ ಎರಡನೇ ವರ್ಷ ರಸ್ತೆ ಅಗಲ ಮಾಡುವಾಗ ಆ ಸಾಲನ್ನೇ ಒಡೆದರು, ಭೋಯಿರ್ ಹಳ್ಳಿಗೆ ಹೋಗಿಬಿಟ್ಟ ಅಂದಳು. ನಾನು ನೋಡಿದೆ. ಅಲ್ಲಿ ಬಸ್ಸು ಹೋಗುತ್ತಿತ್ತು. ಮಾರುವಾಗ ಆ ಮನುಷ್ಯ ಎರಡು ಖೋಲಿಯ ಕಾಗದಗಳಲ್ಲಿ ತಪ್ಪಿನದ್ದನ್ನು ಎತ್ತಿ ಕೊಟ್ಟಿದ್ದ. ಈ ಮಹಾತಾಯಿ ಹದಿನೆಂಟು ವರ್ಷದಿಂದ ರಸ್ತೆಗೆ ಮನೆ ತೆರಿಗೆ ಕಟ್ಟುತ್ತಿದ್ದಳು.

"ಪಾಲಿಕೆಯಿಂದ ಯಾವ ಕಾಗದವೂ ಬರಲಿಲ್ವಾ?" ಅಂದೆ. ನನ್ನ ಸ್ವರ ನನಗೇ ಬೇರೆಯವರದ್ದರ ಹಾಗೆ ಕೇಳಿತು.

"ಬಂದಿತ್ತ್. ಭೋಯಿರ್ ಹೆಸ್ರಂಗೆ ಮೂರ್ ಸಲ ಬಂತ್ ಅಂದ್ ಬದಿ ಮನೆಯವ್ರ್ ಹೇಳ್ರ್. ಬೇರೆಯವ್ರ ಹೆಸ್ರಿನ ಕಾಗ್ದ ನಾವ್ ಒಡುಕಾಗ್ದಲ್ದಾ? ಪೋಸ್ಟ್‌ಮ್ಯಾನಿಗೆ ವಾಪಸ್ ಕೊಡಿ ಅಂದೆ. ಮೊನ್ನೆ ಎಂತದೋ ಒಂದ್ ಬಾಗ್ಲಿಗೆ ಅಂಟ್ಸಿ ಹೋಯ್ರ್. ಬಣ್ಣ ಹಾಳಾತ್ತಲ್ದಾ ಅಂದ್ ಒದ್ದೆ ಬಟ್ಟೆಯಂಗೆ ತಿಕ್ಕಿ ತಿಕ್ಕಿ ತೆಗ್ದೆ."

ಹೇಳಬೇಕಿತ್ತು. ಆಗಲೇ, ಆ ಕ್ಷಣವೇ ಹೇಳಬೇಕಿತ್ತು. ನಾನು ದೋಸೆಯ ತಟ್ಟೆ ತೊಳೆದಿಟ್ಟು, ಅಕ್ಕಾ ಬರ್ತೇನೆ ಅಂತ ಎದ್ದು ಬಂದೆ.

ಮಂಗಳವಾರ ಇವರಿಗೆ ರಜೆ. ಬೆಳಿಗ್ಗೆ ಚಾ ಕುಡಿಯುವಾಗ ಎಲ್ಲ ಹೇಳಿದೆ. ಲೋಟದ ಚಾ ಮುಗಿಸಿ, "ನಾವೇನು ಕದಿಯುದಾ? ಮಾರುದು ಅವರು. ನಾವು ತಕ್ಕೊಳ್ಳದಿದ್ರೆ ಬೇರೆ ಯಾರಾದ್ರೂ ತಕ್ಕೊಳ್ತಾರೆ," ಅಂದರು. ನನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಅವರು ಹೇಳಿದ್ದು. ನನಗೆ ಸಮಾಧಾನ ಆಗಬೇಕಿತ್ತು. ಅಷ್ಟರಲ್ಲಿ ಅವರು ಲೋಟ ಕೆಳಗಿಟ್ಟು, "ಆದ್ರೆ ಒಂದು ಮಾತು. ಆ ಹೆಂಗಸನ್ನು ಹೊರಗೆ ಹಾಕ್ಲಿಕ್ಕೆ ನೀನು ಹೋಗ್ತೀಯಾ, ನಾನು ಹೋಗುದಾ?" ಅಂದರು. ನಾನು ಎದ್ದು ಮೆಶೀನಿಗೆ ದಾರ ಹಾಕಲು ಹೋದೆ.

ಆ ಆದಿತ್ಯವಾರದಿಂದ ಎಂಟು ದಿನ ಹಾಗೇ ಕಳೆದೆ. ಆ ಎಂಟು ದಿನ ನಾನು ಎಂಥ ಹೆಂಗಸಾಗಿದ್ದೆ ಅಂತ ಮುಚ್ಚಿಡುವುದಿಲ್ಲ. ಹೊಲಿಗೆ ಮೆಶೀನನ್ನು ಅವಳ ಕಿಟಕಿಯ ಕೆಳಗೆ ಇಟ್ಟರೆ ಬೆಳಕು ಚೆನ್ನಾಗಿ ಬೀಳುತ್ತದೆ ಅಂತ ಲೆಕ್ಕ ಹಾಕಿದ್ದೆ. ಅವಳಿಗೆ ಟಿಟ್ವಾಳಾದಲ್ಲಿ ಮದುವೆಯಾದ ಮಗಳಿದ್ದಾಳಲ್ಲ, ಅಲ್ಲಿ ಹೋಗಿ ಇರಲಿ ಅಂತಲೂ ಅಂದುಕೊಂಡೆ. ಓದದೆ ಕಾಗದ ವಾಪಸು ಮಾಡಿದ್ದು ಅವಳದೇ ತಪ್ಪಲ್ಲವಾ ಅಂತ ಒಬ್ಬಳೇ ವಾದ ಮಾಡಿದೆ. ಮಾರ್ಚಿನ ಸೆಕೆ ಶುರುವಾಗಿತ್ತು. ಬೆಳಗಿನ ಹೊತ್ತು ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಕೆಮಿಕಲ್ ಗಾಳಿ ಬಂದು ಗಂಟಲು ಕೆರೆಯುತ್ತಿತ್ತು. ಎರಡು ಬ್ಲೌಸಿನ ತೋಳನ್ನು ತಿರುಗಾಮುರುಗಾ ಹೊಲಿದೆ. ಮಗಳಿಗೆ ಸುಮ್ಮಸುಮ್ಮನೆ ರೇಗಿದೆ.

ಎಂಟನೇ ದಿನ ಸೋಮವಾರ. ಹರಾಜಿಗೆ ಎರಡು ವಾರ ಉಳಿದಿತ್ತು. ಹರಾಜಿನಲ್ಲಿ ಬೋಲಿ, ಅಂದರೆ ಬೆಲೆ, ಕೂಗಲು ಬೇಕಾದ ಚೀಟಿ ತೆಗೆದುಕೊಳ್ಳಲು ಆಫೀಸಿಗೆ ಹೋದೆ. ಮಾರ್ಚಿನ ನೂಕುನುಗ್ಗಲು, ತೆರಿಗೆ ಕೌಂಟರಿನ ಸಾಲು ಮೆಟ್ಟಿಲವರೆಗೆ. ನಾನು ಬದಿಯಿಂದ ನುಸುಳಿ ಒಳಗೆ ಹೋದರೆ, ಕೌಂಟರಿನ ಮುಂದೆ ಎರಡನೆಯವಳಾಗಿ ಗಿರಿಜಕ್ಕ ನಿಂತಿದ್ದಾಳೆ! ಕೈಯಲ್ಲಿ ಸೀರೆ ಅಂಗಡಿಯ ಚೀಲ. ನನ್ನನ್ನು ಕಂಡು ಅಷ್ಟು ದೂರದಿಂದ ಕೈ ಬೀಸಿದಳು. "ಹೋಯ್, ನೀವೂ ಟ್ಯಾಕ್ಸ್ ಕಟ್ಟುಕ್ ಬಂದದ್ದಾ? ನಾನ್ ಇವತ್ತ್ ಅರ್ಧ ದಿನ ರಜೆ ಹಾಕಿ ಬಂದೆ ಮಾರಾಯ್ತಿ!"

ಎದುರಿನವನು ಸರಿದ. ಅವಳು ಹಳೆಯ ರಸೀದಿ ಒಳಗೆ ತಳ್ಳಿದಳು. ಸಾವಂತ್ ಮೇಡಂ ನಂಬರು ಒತ್ತಿದರು. ಗಿರಿಜಕ್ಕ ಸೆರಗಿನ ತುದಿ ಬಿಚ್ಚಿ ನೋಟು ತೆಗೆದು, ಬೆರಳಿಗೆ ಉಗುಳು ಹಚ್ಚಿ ಎಣಿಸತೊಡಗಿದಳು. ನನ್ನ ಒಳಗೆ ಏನಾಯಿತೋ ಗೊತ್ತಿಲ್ಲ.

"ಅಕ್ಕಾ, ಕಟ್ಟಬೇಡಿ!" ಅಂತ ಕಿರುಚಿದೆ. "ಅದು ನಿಮ್ಮ ಮನೆಯದ್ದಲ್ಲ! ಕಟ್ಟಬೇಡಿ!"

ಇಡೀ ಆಫೀಸು ತಿರುಗಿ ನೋಡಿತು. ಕೌಂಟರಿನ ಹತ್ತಿರ ಕೂಗಾಡುವಂತಿಲ್ಲ ಅಂತ ಸಾವಂತ್ ಮೇಡಂ ಎದ್ದು ನಿಂತರು. ನಾನು ಗಾಜಿಗೆ ಹಣೆ ತಾಗಿಸಿ, ಇವರು ಕಟ್ಟುತ್ತಿರುವುದು ಒಡೆದು ಹೋದ ಖೋಲಿಯದ್ದು, ಇವರು ವಾಸ ಇರುವ ಖೋಲಿ ನಿಮ್ಮ ಹರಾಜಿನ ಪಟ್ಟಿಯಲ್ಲಿದೆ ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಮೇಡಂ ನನ್ನನ್ನೇ ದಿಟ್ಟಿಸಿದರು. "ಹೇ ತುಮ್ಹೀ ಸಾಂಗತಾಯ್?" ಅಂದರು. ಇದನ್ನು ನೀವು ಹೇಳುತ್ತಿದ್ದೀರಾ? ಆ ಖೋಲಿಗೆ ಬೋಲಿ ಹಾಕಿದವಳು ನಾನೊಬ್ಬಳೇ ಅಂತ ಅವರಿಗೆ ಗೊತ್ತಿತ್ತಲ್ಲ! ಕೈ ಮುಗಿದೆ. ಗಿರಿಜಕ್ಕನ ಎದುರು ಅದೊಂದು ಮಾತು ಹೇಳಬೇಡಿ ಅನ್ನುವುದು ಅವರಿಗೆ ನನ್ನ ಮುಖದಲ್ಲೇ ಅರ್ಥವಾಗಿರಬೇಕು. ಅವರು ಹೇಳಲಿಲ್ಲ.

ಗಿರಿಜಕ್ಕ ಬೆಂಚಿನ ಮೇಲೆ ಕೂತು ಬಿಟ್ಟಳು. ಹರಾಜು ಅನ್ನುವುದು ತಲೆಗೆ ಹೋಗಲು ಅವಳಿಗೆ ಸುಮಾರು ಹೊತ್ತು ಬೇಕಾಯಿತು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ನಿಮ್ಮನ್ ದೇವ್ರೇ ಕಳ್ಸಿದ್ದ್," ಅಂದಳು. "ನಿಮ್ಗೆ ಈ ಆಫೀಸ್ ಎಲ್ಲ ಗೊತ್ತಿತ್ತಲ್ದಾ? ನಂಗ್ ಇಲ್ಲಿ ಯಾರೂ ಇಲ್ಲೆ. ನೀವೇ ಕಾಣ್ಕ್." ಅವಳು ಹೊಗಳಿದ ಒಂದೊಂದು ಮಾತಿಗೂ ನಾನು ನೆಲಕ್ಕೆ ಇಳಿದು ಹೋಗುತ್ತಿದ್ದೆ.

ಮುಂದಿನ ಎರಡು ವಾರ ನಾವಿಬ್ಬರೂ ಅಲೆದದ್ದಕ್ಕೆ ಲೆಕ್ಕವಿಲ್ಲ. ಆ ಮುಂಭಾಗದ ಖೋಲಿ ಒಡೆದದ್ದಕ್ಕೆ ಪುರಾವೆ ತನ್ನಿ ಅಂದರು. ನಮ್ಮ ಹತ್ತಿರ ಹೇಗೆ ಇರುತ್ತದೆ, ಒಡೆದವರು ನೀವು ಅಂದೆ. ಅದು ಬಾಂಧಕಾಮ, ಅಂದರೆ ಕಟ್ಟಡ ರಸ್ತೆಗಳ ವಿಭಾಗ, ನಾವಲ್ಲ ಅಂದರು. ಆ ವಿಭಾಗದವರು ಹಳೆಯ ಕಾಗದ ರೆಕಾರ್ಡ್ ರೂಮಿನಲ್ಲಿ ಅಂದರು. ರೆಕಾರ್ಡ್ ರೂಮಿನ ಕೀ ಗಾಯಕವಾಡ ಮಾಮಾರ ಹತ್ತಿರ ಇತ್ತು ಅನ್ನುವುದೊಂದೇ ಪುಣ್ಯ. ಮೂರು ದಿನ ಮೂಗಿಗೆ ಸೆರಗು ಕಟ್ಟಿಕೊಂಡು ಮಾಮಾನೂ ನಾನೂ ಗೆದ್ದಲು ಹಿಡಿದ ರಿಜಿಸ್ಟರುಗಳನ್ನು ಮಗುಚಿದೆವು. ಮೂರನೇ ದಿನ ಮಧ್ಯಾಹ್ನ ಸಿಕ್ಕಿತು: ರಸ್ತೆಗೆ ಹೋದ ಖೋಲಿಗಳ ಪಟ್ಟಿ, ಅದರಲ್ಲಿ ಭೋಯಿರನ ಹೆಸರು. ಮಾಮಾ ತಲೆಯಿಂದ ಜೇಡರಬಲೆ ತೆಗೆಯುತ್ತಾ, "ಮೊದಲೇ ಹೋಗಿ ನೋಡಿ ಅಂದಿದ್ದೆ," ಅಂದರು. ನಾನು ಪಟ್ಟಿಯ ಧೂಳು ಕೊಡವಿದೆ.

ಇನ್‌ಸ್ಪೆಕ್ಟರು ಬಂದು ನೋಡಬೇಕಿತ್ತು. ಗಿರಿಜಕ್ಕ ಎರಡು ದಿನ ರಜೆ ಹಾಕಿ ಬಾಗಿಲು ತೆರೆದಿಟ್ಟು ಕಾದಳು, ಅವರು ಬರಲಿಲ್ಲ. ಹಾಸ್ಟೆಲಿನವರು, ಇನ್ನೊಂದು ರಜೆ ಮಾಡಿದರೆ ಬೇರೆಯವಳನ್ನು ಇಡುತ್ತೇವೆ ಅಂದರು. ಆ ದಿನ ನನಗೆ ತಡೆಯಲಿಲ್ಲ. ನಾನು ಕಲಿತ ರೀತಿನೀತಿಯೆಲ್ಲ ಗಾಳಿಗೆ ತೂರಿ, ಅವರ ಫ್ಯಾನಿಗೆ ಅಡ್ಡವಾಗಿಯೇ ನಿಂತು, ನೀವು ಎದ್ದು ಬರುವವರೆಗೆ ನಾನು ಇಲ್ಲಿಂದ ಅಲ್ಲಾಡುವುದಿಲ್ಲ ಅಂದೆ. ಕಾಲು ಗಂಟೆ ಬೆವರಿ ಎದ್ದು ಬಂದರು, ಪುಣ್ಯಾತ್ಮರು. ಒಳಗೆ ಕುಕ್ಕರು ಕೂಗುತ್ತಿದ್ದದ್ದನ್ನು ನೋಡಿ ಪೆಚ್ಚಾಗಿ, "ವಾಸ್ತವ್ಯ ಇದೆ" ಅಂತ ಬರೆದು ಸಹಿ ಹಾಕಿದರು.

ಸಾವಂತ್ ಮೇಡಂ ಬಾಯಿಯಲ್ಲಿ ಒಂದು ಒಳ್ಳೆಯ ಮಾತು ಬರಲಿಲ್ಲ. ಆದರೆ ಅವರೇ ನಮ್ಮ ಇಪ್ಪತ್ತು ರಸೀದಿಯ ದುಡ್ಡನ್ನು ಸರಿಯಾದ ಖೋಲಿಯ ನಂಬರಿಗೆ ಸೇರಿಸುವ ಟಿಪ್ಪಣಿ ಬರೆದರು, ಊಟಕ್ಕೆ ಏಳದೆ. ಟಿಪ್ಪಣಿ ಇಟ್ಟ ಫೈಲನ್ನು ನನ್ನ ಕೈಗೆ ಕೊಡುವಾಗ, "ಸಾಹೇಬರು ಮೊದಲ ಪುಟದಿಂದ ನೋಡುತ್ತಾರೆ," ಅಂದರು. ಆ ಗಡಿಬಿಡಿಯಲ್ಲಿ ನಾನು ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಶುಕ್ರವಾರ. ಶನಿ, ಆದಿತ್ಯ ರಜೆ. ಸೋಮವಾರ ಹರಾಜು. ಆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸಾಹೇಬರ ಬಾಗಿಲಿನ ಹೊರಗೆ ಕೂತವರನ್ನು ಒಳಗೆ ಕರೆದದ್ದು ನಾಲ್ಕೂವರೆಗೆ. ತನ್ನ ಬದಲಿಗೆ ಒಬ್ಬಳನ್ನು ಚಪಾತಿಗೆ ನಿಲ್ಲಿಸಿ ಬಂದಿದ್ದ ಗಿರಿಜಕ್ಕ ನೀರು ಕೂಡ ಕುಡಿದಿರಲಿಲ್ಲ, ಕರೆಯುವಾಗ ಎದ್ದು ಹೋಗಿದ್ದರೆ ಅನ್ನುವ ಹೆದರಿಕೆ.

ಸಾಹೇಬರು ಸಮಾಧಾನದ ಮನುಷ್ಯ. ಪೂರ್ತಿ ಕೇಳಿದರು. ರಸೀದಿ ನೋಡಿದರು, ರಸ್ತೆಯ ಪಟ್ಟಿ ನೋಡಿದರು, ಇನ್‌ಸ್ಪೆಕ್ಟರರ ಸಹಿ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಏನನ್ನಿಸಿತೋ, ಫೈಲಿನ ಮೊದಲ ಪುಟಕ್ಕೆ ಹೋದರು. ಅಲ್ಲಿ ನನ್ನ ಅರ್ಜಿ ಇತ್ತು.

"ಮಾಲಿನಿ ರಘುರಾಮ್ ಅಂದರೆ?"

"ನಾನು," ಅಂದೆ.

"ಮ್ಹಣಜೆ ಬೋಲಿ ಲಾವಣಾರ್ಯಾ ತುಮ್ಹೀಚ?" ಕನ್ನಡಕದ ಮೇಲಿಂದ ನೋಡಿದರು. "ಈ ಖೋಲಿಯನ್ನು ಹರಾಜಿನಲ್ಲಿ ಕೊಳ್ಳಲು ಅನಾಮತ್ತು ತುಂಬಿದವರು ನೀವು. ಈಗ ಮಾರಬೇಡಿ ಅನ್ನುವವರೂ ನೀವು. ನಾಳೆ ನನ್ನ ಮೇಲೆಯೇ ತಕರಾರು ಹಾಕುವುದಿಲ್ಲ ಅಂತ ಏನು ಗ್ಯಾರಂಟಿ? ಬೋಲಿ ವಾಪಸು ತೆಗೆದುಕೊಂಡೆ ಅಂತ ಬರೆದು ಕೊಡಿ. ಅನಾಮತ್ತು ಸಿಗುತ್ತದೋ ಇಲ್ಲವೋ, ಸಿಕ್ಕಿದರೂ ಯಾವಾಗ, ನಾನು ಹೇಳಲಾರೆ. ಬರೆದು ಕೊಟ್ಟರೆ ಈಗಲೇ ಸಹಿ ಹಾಕುತ್ತೇನೆ."

ಗಿರಿಜಕ್ಕನಿಗೆ ಮರಾಠಿ ಓದಲು ಬರುವುದಿಲ್ಲ, ಕೇಳಿದರೆ ಚೆನ್ನಾಗಿ ತಿಳಿಯುತ್ತದೆ. ಅವಳು ನನ್ನ ಪಕ್ಕದಲ್ಲಿ ನಿಂತಿದ್ದಳು. ನಾನು ಅವಳ ಕಡೆ ತಿರುಗಲಿಲ್ಲ. ಕಾಗದ ತೆಗೆದುಕೊಂಡು ಅಲ್ಲೇ ಮೇಜಿನ ತುದಿಯಲ್ಲಿ ಬರೆದೆ. ನನ್ನ ಅಕ್ಷರ ಅಷ್ಟು ಕೆಟ್ಟದಾಗಿ ಯಾವತ್ತೂ ಬಿದ್ದದ್ದಿಲ್ಲ. ಸಾಹೇಬರು ಓದಿ, ಟಿಪ್ಪಣಿಯ ಕೆಳಗೆ ಸಹಿ ಹಾಕಿ ಗಂಟೆ ಒತ್ತಿದರು. ಐದು ಗಂಟೆಗೆ ಸಾವಂತ್ ಮೇಡಂ ಪಟ್ಟಿಯಲ್ಲಿ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದರು.

ಸ್ಟೇಷನ್ನಿನವರೆಗೆ ಗಿರಿಜಕ್ಕನೂ ನಾನೂ ಶೇರ್ ಆಟೋದಲ್ಲಿ ಬಂದೆವು. ಪ್ಲಾಟ್‌ಫಾರ್ಮಿನ ಸೇತುವೆಯ ಮೇಲೆ ಆಫೀಸು ಬಿಟ್ಟ ಜನ ಮೈಮೇಲೆ ಬೀಳುವ ಹಾಗೆ ಬರುತ್ತಿದ್ದರು. ಅವಳು ಕಂಬಿಯ ಬದಿಗೆ ನಿಂತಳು. ಅಷ್ಟು ದಿನ ನೀವು ನೀವು ಅನ್ನುತ್ತಿದ್ದವಳು, "ಯಾವತ್ತಿಂದ ಗೊತ್ತಿತ್ತ್ ನಿಂಗೆ?" ಅಂದಳು.

"ಆ ಆದಿತ್ಯವಾರದಿಂದ. ದೋಸೆ ತಿಂದ ದಿನದಿಂದ."

ಅವಳು ಮನಸ್ಸಿನಲ್ಲೇ ಎಣಿಸಿದ್ದು ನನಗೆ ಕಂಡಿತು. "ಎಂಟ್ ದಿನ," ಅಂದಳು. "ನಾನ್ ಆ ದಿನ ಟ್ಯಾಕ್ಸ್ ಕಟ್ಟುಕ್ ಬರ್ದೇ ಇದ್ದಿದ್ರೆ?"

ಹೇಗಾದರೂ ಹೇಳುತ್ತಿದ್ದೆ ಅಂತ ಅನ್ನಬಹುದಿತ್ತು. ನಿಜ ಏನೆಂದರೆ ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

"ಸಿಟ್ಟಾ ಅಕ್ಕ?" ಅಂದೆ. ಕಣ್ಣು ತುಂಬಿ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಸಿಟ್ಟಲ್ಲ ಹೆಣೆ. ನೀ ನನ್ನ ಮನೆ ಉಳ್ಸಿದ್ದೆ, ಅದ್ನ ನಾನ್ ಸಾಯೂತನ್ಕ ಮರೀದಿಲ್ಲ." ಅವಳು ನನ್ನ ಭುಜದ ಮೇಲೆ ಕೈ ಇಟ್ಟಳು. ಚಪಾತಿ ಒತ್ತಿ ಒತ್ತಿ ಒರಟಾದ ಕೈ. "ಆದ್ರೆ ಇನ್ ನೀ ಬಂದ್ ನನ್ನ ಖೋಲಿಯಂಗೆ ಕೂಕಂಡ್ರೆ, ನಿನ್ನ ಕಣ್ಣ್ ಎಲ್ಲೆಲ್ಲಿ ಹೋತ್ ಅಂತ್ಲೇ ನಾನ್ ಕಾಣ್ತಾ ಇರ್ತೆ. ಅದ್ ಬ್ಯಾಡ. ನಿಂಗ್ ಒಂದ್ ಮನೆ ಆಯ್ಲಿ. ಆಮೇಲ್ ಬಾ."

ಅವಳು ಜನರ ನಡುವೆ ಇಳಿದು ಹೋದಳು. ಮಾರ್ಚ್ ಮೂವತ್ತೊಂದಕ್ಕೆ ನಾವು ಹತ್ತನೇ ಮನೆಗೆ ಹೋದೆವು. ಅನಾಮತ್ತು ದೀಪಾವಳಿಯ ಹೊತ್ತಿಗೆ ವಾಪಸು ಬಂತು. ಅಷ್ಟರಲ್ಲಿ ಬಂಗಾರದ ಬೆಲೆಯೂ ಮೇಲೆ ಹೋಗಿತ್ತು, ಮನೆಗಳ ಬೆಲೆಯೂ ಮೇಲೆ ಹೋಗಿತ್ತು. ಈಗಿರುವುದು ಹನ್ನೆರಡನೆಯದು, ಇದರ ಎಗ್ರಿಮೆಂಟು ಬರುವ ಜೂನಿಗೆ ಮುಗಿಯುತ್ತದೆ. ಗಿರಿಜಕ್ಕನ ಚಾಳು ಇಲ್ಲಿಂದ ಲೋಕಲ್ಲಿನಲ್ಲಿ ಹತ್ತು ನಿಮಿಷ. ನಾನಿನ್ನೂ ಹೋಗಿಲ್ಲ.